ಸುತ್ತೋಲೆ ಬಂತು, ಮಾರ್ಫಿನ್ ಎಲ್ಲಿ?

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯನ್ನು ಸ್ವಾಗತಿಸಲೇಬೇಕು. ಗುಣವಾಗುವ ಭರವಸೆಯಿಲ್ಲದ ರೋಗಿಗೆ ವೆಂಟಿಲೇಟರಿನಂಥ ಚಿಕಿತ್ಸೆ ನಿಲ್ಲಿಸುವ ಕುರಿತು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತ್ತು. ಅದನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ್ದು ಈ ಸುತ್ತೋಲೆ. ಎರಡು ವೈದ್ಯಕೀಯ ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ, ಎಲ್ಲಕ್ಕೂ ಕ್ರಮವಿದೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಕೇಳಿದ್ದು ಘನತೆಯಿಂದ ಸಾಯುವ ಈ ಹಕ್ಕನ್ನೇ.

ಆದರೆ ಸುತ್ತೋಲೆಯ ಕಣ್ಣು ಐಸಿಯು ಮೇಲಿದೆ. ಐಸಿಯು ಮುಟ್ಟದೆಯೇ ಸಾಯುವವರ ಕಿವಿಗೆ ಬೀಳುವುದು ಒಂದೇ ಮಾತು: "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ." ಈ ಮಾತು ಕಠೋರವಷ್ಟೇ ಅಲ್ಲ, ವೈದ್ಯಕೀಯವಾಗಿಯೂ ತಪ್ಪು. ಮಾಡಬಹುದಾದದ್ದು ಬೇಕಾದಷ್ಟಿದೆ. ಮಾರ್ಫಿನ್ ಮಾತ್ರೆಯನ್ನು ನೋವು ಏಳುವ ಮೊದಲೇ, ಗಡಿಯಾರ ನೋಡಿಕೊಂಡು ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಜೊತೆಗೆ ಮಲಬದ್ಧತೆಗೆ ಔಷಧ ತಪ್ಪಬಾರದು. ಒಡೆದ ಕ್ಯಾನ್ಸರ್ ಗಡ್ಡೆಯ ದುರ್ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುತ್ತಾರೆ. ವಾಸನೆ ಇಳಿದರೆ, ಬಾಗಿಲಲ್ಲೇ ನಿಲ್ಲುತ್ತಿದ್ದ ಮೊಮ್ಮಕ್ಕಳು ಹಾಸಿಗೆಯ ಪಕ್ಕ ಬಂದು ಕೂರುತ್ತಾರೆ. ಇದು ದುಬಾರಿ ವಿದ್ಯೆಯಲ್ಲ. ಕಲಿತ ನರ್ಸ್ ಒಬ್ಬರು ಮನೆಗೆ ಬಂದು ತೋರಿಸಿಕೊಡಬೇಕು, ಅಷ್ಟೇ.

ಮಾರ್ಫಿನ್‌ಗೆ ಅಡ್ಡವಾಗಿದ್ದ ಲೈಸೆನ್ಸುಗಳ ಗೋಜಲನ್ನು ಕೇಂದ್ರ ಸರ್ಕಾರ ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿಯಲ್ಲೇ ಸಡಿಲಿಸಿದೆ. ಆದರೂ "ಚಟ ಹತ್ತುತ್ತೆ" ಎಂಬ ಭಯ ವೈದ್ಯರನ್ನೂ ಬಿಟ್ಟಿಲ್ಲ. ಸಾಯುವ ಮನುಷ್ಯನ ನರಳಾಟಕ್ಕಿಂತ ಚಟದ ಭಯ ದೊಡ್ಡದೇ?

ಬೆಂಗಳೂರಿನ ಕರುಣಾಶ್ರಯ ಸಂಸ್ಥೆ 1990ರ ದಶಕದಿಂದ ಇಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತಿದೆ. ಅದರ ಮೇಲೆ ನನಗೆ ಅಪಾರ ಗೌರವ. ಆದರೆ ಯಾದಗಿರಿಯ ರೋಗಿ ಬೆಂಗಳೂರಿಗೆ ಬಂದು ಸಾಯಬೇಕೇ? ಕೇರಳ 2008ರಲ್ಲೇ ನೋವು ತಗ್ಗಿಸುವ ಇಂಥ ಉಪಶಾಮಕ ಆರೈಕೆಗೆ ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ನರ್ಸುಗಳನ್ನು ಮನೆಬಾಗಿಲಿಗೆ ಕಳಿಸಿತು. ನಾವು ನೋಡಿ ಕಲಿಯಬೇಕಾದದ್ದು ಅಲ್ಲಿ.

ನೋವು ತಾಳಲಾರದೆ "ಸಾಕು" ಎನ್ನುವವನದು ಆಯ್ಕೆಯಲ್ಲ. ನೋವು ಇಳಿಸಿ, ಆಮೇಲೆ ಕೇಳಬೇಕು. ಹಾಗಾಗಿ ನನ್ನ ಮಟ್ಟಿಗೆ ಈ ಸುತ್ತೋಲೆ ಅರ್ಧ ಕೆಲಸ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮತ್ತು ಅದನ್ನು ಬರೆಯಬಲ್ಲ ವೈದ್ಯರು ಇದ್ದಾಗಲೇ ಅದು ಪೂರ್ತಿಯಾಗುವುದು. ಅಲ್ಲಿಯವರೆಗೆ, ನಿಮ್ಮ ಮನೆಯವರನ್ನು ಆಸ್ಪತ್ರೆಯಿಂದ ಕಳಿಸಿಕೊಡುವಾಗ, ನೋವಿಗೆ ಏನು ಕೊಡುತ್ತೀರಿ, ಅದು ಎಲ್ಲಿ ಸಿಗುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೆ ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕಬೇಡಿ.