ಮಧುಮೇಹದ ಪಾದವ್ರಣ: ಹೊಸ ಚಿಕಿತ್ಸೆಗಳ ಪರೀಕ್ಷೆಯಲ್ಲಿ ಹೋಲಿಕೆಯ ಪ್ರಶ್ನೆ

ಮಧುಮೇಹಿಗಳ ಅಂಗಾಲಿನಲ್ಲಿ ಏಳುವ ಹುಣ್ಣನ್ನು ಮಾಯಿಸಲೆಂದು ಕಳೆದ ಕೆಲವು ದಶಕಗಳಲ್ಲಿ ಲೇಪ, ಪಟ್ಟಿ, ಆಮ್ಲಜನಕದ ಕೋಣೆ, ಕೃತಕ ಚರ್ಮ ಮೊದಲಾದ ಅನೇಕ ಉಪಾಯಗಳು ಪರೀಕ್ಷೆಗೆ ಬಂದಿವೆ. ಆ ವರದಿಗಳನ್ನು ಓದುವವರ ಕಣ್ಣು ಸಹಜವಾಗಿ ಹೊಸ ಚಿಕಿತ್ಸೆ ಪಡೆದವರ ಅಂಕಿಯ ಕಡೆಗೆ ಹರಿಯುತ್ತದೆ. ಅದನ್ನು ಪಡೆಯದವರಿಗೆ ಏನು ಮಾಡಲಾಯಿತೆಂಬುದನ್ನೇ ಮೊದಲು ವಿಚಾರಿಸತಕ್ಕದ್ದೆಂಬುದು ಇಲ್ಲಿಯ ವಾದ.

ಬೆಕಾಪ್ಲರ್ಮಿನ್ ಎಂಬ ಲೇಪವನ್ನು ನೋಡೋಣ. ರಕ್ತದ ಕಿರುತಟ್ಟೆಗಳಲ್ಲಿರುವ ವೃದ್ಧಿಕಾರಕವೊಂದರ ಮಾದರಿಯಲ್ಲಿ ತಯಾರಾದ ಈ ಔಷಧಕ್ಕೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1998ರಲ್ಲಿ ಪ್ರಕಟವಾದ 382 ರೋಗಿಗಳ ಪರೀಕ್ಷೆಯಲ್ಲಿ, 20 ವಾರಗಳೊಳಗೆ, ಹೆಚ್ಚು ಪ್ರಮಾಣದ ಔಷಧ ಹಚ್ಚಿದವರಲ್ಲಿ ಶೇಕಡಾ 50 ಮಂದಿಗೂ ಹುಸಿ ಲೇಪ ಹಚ್ಚಿದವರಲ್ಲಿ ಶೇಕಡಾ 35 ಮಂದಿಗೂ ಹುಣ್ಣು ಪೂರ್ತಿ ಮಾಯಿತು. ಅಂತರ ಅಲ್ಪವಲ್ಲ. ಆದರೆ ಇದೇ ಔಷಧದ ಹಿಂದಿನ, 118 ರೋಗಿಗಳ ಪರೀಕ್ಷೆಯನ್ನು ಸ್ಟೀಡ್ ಮತ್ತು ಸಂಗಡಿಗರು 1996ರಲ್ಲಿ ಪರಿಶೀಲಿಸಿ ತಿಳಿಸಿದ ಸಂಗತಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ: ಸತ್ತ ಮಾಂಸವನ್ನು ಮೇಲಿಂದ ಮೇಲೆ ಕತ್ತರಿಸಿ ತೆಗೆದ ಆಸ್ಪತ್ರೆಗಳಲ್ಲಿ, ಹಚ್ಚಿದ ಲೇಪ ಯಾವುದೇ ಆಗಿರಲಿ, ಹುಣ್ಣು ಹೆಚ್ಚಾಗಿ ಮಾಯುತ್ತಿತ್ತು.

ಭಾರದ ಮಾತೂ ಹೀಗೆಯೇ. ಸ್ಪರ್ಶಜ್ಞಾನ ಹೋದ ಪಾದವುಳ್ಳವನು ಹುಣ್ಣಿನ ಮೇಲೆಯೇ ಊರಿ ನಡೆಯುತ್ತಾನೆ. ನೋವಿಲ್ಲದಿರುವುದೇ ಅವನಿಗೆ ಮುಳುವು. ಕುಷ್ಠರೋಗಿಗಳ ಪಾದದಲ್ಲಿ ಇದನ್ನು ಕಂಡವರಲ್ಲಿ 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್ ಪ್ರಮುಖರು. ಅವರು ಅಂಥ ಹುಣ್ಣುಗಳನ್ನು ಪ್ಲಾಸ್ಟರ್ ಕಟ್ಟಿ ಮಾಯಿಸುತ್ತಿದ್ದರು. 1960ರ ದಶಕದಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಆ ಕ್ರಮ ಅಲ್ಲಿಯ ಮಧುಮೇಹಿಗಳಿಗೂ ಒದಗಿತು. 2001ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತಿತರರು 63 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಪ್ಲಾಸ್ಟರ್ ಕಟ್ಟಿದವರ ಪೈಕಿ ಸುಮಾರು ಶೇಕಡಾ 90 ಮಂದಿಗೆ 12 ವಾರಗಳಲ್ಲಿ ಹುಣ್ಣು ಮಾಯಿತು; ಬಿಚ್ಚಬಹುದಾದ ಬೂಟು ಧರಿಸಿದವರಲ್ಲಿ ಶೇಕಡಾ 65 ಮಂದಿಗೆ. ರೋಗಿ ಮನೆಯಲ್ಲಿ ಬೂಟನ್ನು ಬಿಚ್ಚಿಡಬಲ್ಲ, ಪ್ಲಾಸ್ಟರನ್ನು ಬಿಚ್ಚಲಾರ. ಎರಡು ಪರೀಕ್ಷೆಗಳ ರೋಗಿಗಳು ಒಂದೇ ಬಗೆಯವರಲ್ಲವಾದ್ದರಿಂದ 90ನ್ನೂ 50ನ್ನೂ ನೇರವಾಗಿ ತೂಗುವುದು ನ್ಯಾಯವಲ್ಲ. ಆದರೂ ಹೊಸ ಲೇಪವು ಚೆನ್ನಾಗಿ ನೋಡಿಕೊಂಡ ಪಾದಕ್ಕೆ ಏನನ್ನು ಕೂಡಿಸುತ್ತದೆ, ಅಥವಾ ಅರೆಬರೆ ಆರೈಕೆಯ ಕೊರತೆಯನ್ನಷ್ಟೇ ತುಂಬುತ್ತದೆಯೆ ಎಂಬ ಪ್ರಶ್ನೆ ಉಳಿಯುತ್ತದೆ.

ಎಕ್ಸ್‌ಪ್ಲೋರರ್ ಎಂಬ 2018ರ ಐರೋಪ್ಯ ಪರೀಕ್ಷೆ ಈ ದೃಷ್ಟಿಯಿಂದ ಮೇಲ್ಮಟ್ಟದ್ದು. ರಕ್ತಸಂಚಾರವೂ ಕುಂದಿದ ಪಾದಗಳುಳ್ಳ 240 ರೋಗಿಗಳಿಗೆ ಮೊದಲು ಎರಡು ವಾರ ಒಂದೇ ಬಗೆಯ ಆರೈಕೆ ನಡೆಸಿ, ಬೇಗ ಕುಗ್ಗಿದ ಹುಣ್ಣುಗಳನ್ನು ಬಿಟ್ಟರು. ಯಾರಿಗೆ ಯಾವ ಪಟ್ಟಿ ಬಂದಿತೆಂಬುದು ವೈದ್ಯನಿಗೂ ರೋಗಿಗೂ ತಿಳಿಯದು. ಸುಕ್ರೋಸ್ ಆಕ್ಟಾಸಲ್ಫೇಟ್ ಪಟ್ಟಿಯವರಲ್ಲಿ ಶೇಕಡಾ 48, ಉಳಿದವರಲ್ಲಿ 30 ಮಂದಿಗೆ 20 ವಾರಗಳಲ್ಲಿ ಹುಣ್ಣು ಮಾಯಿತು. ಈ 18ರ ಅಂತರವನ್ನು ಬೆಕಾಪ್ಲರ್ಮಿನ್ನಿನ 15ಕ್ಕಿಂತ ಹೆಚ್ಚು ಧೈರ್ಯದಿಂದ ನಂಬಬಹುದು. ಕಾರಣ ಅಂಕಿಯಲ್ಲ, ಅದನ್ನು ಪಡೆದ ಕ್ರಮ.

ಇಲ್ಲಿಯೂ ಎಣಿಕೆ 20 ವಾರಗಳದೇ. ಮಾಯ್ದ ಹುಣ್ಣುಗಳಲ್ಲಿ ಸುಮಾರು ಶೇಕಡಾ 40 ಒಂದು ವರ್ಷದೊಳಗೆ ಮರುಕಳಿಸುತ್ತವೆಂದು 2017ರ ಪರಾಮರ್ಶೆಯೊಂದು ಲೆಕ್ಕಹಾಕಿದೆ.