ಮೊದಲು ಚರಂಡಿಯೋ, ಮೊದಲು ಅವರೋ?

ನಮ್ಮ ತಾಯಿಯ ಮನೆಯ ಖಾತೆ ಬದಲಾವಣೆಗೆಂದು ಕಳೆದ ವರ್ಷ ನಾನು ಒಂದು ಕಚೇರಿಯ ಮೆಟ್ಟಿಲನ್ನು ಏಳು ಸಲ ಹತ್ತಿ ಇಳಿದೆ. ಕಾರಣ ಬಹಳ ಸಣ್ಣದು. ಹಳೆಯ ಕಾಗದಪತ್ರಗಳಲ್ಲಿ ನನ್ನ ಹೆಸರಿನ ಜೊತೆಗೆ ಅಪ್ಪನ ಇನಿಷಿಯಲ್ ಇದೆ, ಆಧಾರ್ ಕಾರ್ಡಿನಲ್ಲಿ ಗಂಡನ ಮನೆಯದು. ಒಂದೇ ಒಂದು ಅಕ್ಷರದ ಅಂತರ. "ಇವರಿಬ್ಬರೂ ಒಬ್ರೇ ಅಂತ ಹೆಂಗ್ ನಂಬೋದು ಮೇಡಂ?" ಎಂದು ಗುಮಾಸ್ತರು ಕೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷಗಳ ಕಾಲ ಹಾಜರಿ ಪುಸ್ತಕದಲ್ಲಿ ಊರ ಮಕ್ಕಳ ಹೆಸರನ್ನೆಲ್ಲ ಬರೆದವಳಿಗೆ ತಾನು ಯಾರೆಂದು ಹೇಳಿಕೊಳ್ಳಲು ಛಾಪಾ ಕಾಗದ ಬೇಕಾಯಿತು.

ಐದನೆಯ ಸಲ ಹೋದ ದಿನ ಸರ್ವರ್ ಇರಲಿಲ್ಲ. ಸಾಲು ಅಂಗಳ ದಾಟಿ ಬೀದಿಗೆ ಬಂದಿತ್ತು. ಕಾಲಡಿಯಲ್ಲಿ ಚರಂಡಿ. ಅದರೊಳಗೆ ಪ್ಲಾಸ್ಟಿಕ್ಕು, ಕೊಳೆತ ಎಲೆ, ಮೇಲೊಂದು ಸೊಳ್ಳೆಯ ಮೋಡ. ಎದುರಿನ ಕಾಂಪೌಂಡಿಗೆ ಒಂದು ದೊಡ್ಡ ಬ್ಯಾನರು ಕಟ್ಟಿದ್ದರು. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಯಾವುದೋ ಕಾರ್ಯಾಗಾರ. ಅದರಲ್ಲಿ ಮುಖಂಡರ ಫೋಟೋಗಳು ಹನ್ನೊಂದು. ಯಾರಿಗಾಗಿ ಕಾರ್ಯಾಗಾರವೋ ಅವರದು ಒಂದೂ ಇಲ್ಲ. ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಅದನ್ನು ಓದಿ, "ಚರಂಡಿ ಎತ್ತಾಕ ರೊಕ್ಕಿಲ್ಲ, ಇವ್ರಿಗೆ ಮಾತ್ರ ಸ್ಕೀಮಿನ ಮ್ಯಾಲೆ ಸ್ಕೀಮು" ಅಂದರು. ಸಾಲೆಲ್ಲ ನಕ್ಕಿತು. ಸುಳ್ಳು ಹೇಳುವುದೇಕೆ, ನಾನೂ ನಕ್ಕೆ. ನಕ್ಕು ತಿರುಗಿದಾಗ ಸಾಲಿನ ಕೊನೆಯಲ್ಲಿ ನಗದೆ ನಿಂತಿದ್ದ ಒಬ್ಬರು ಕಂಡರು. ಹಸಿರು ಸೀರೆ, ಕೊರಳಲ್ಲಿ ಜೋಗತಿಯರ ಮುತ್ತಿನ ಸರ, ಕೈಯಲ್ಲಿ ನನ್ನಂಥದೇ ಒಂದು ಕಾಗದದ ಚೀಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕನ್ನಡ ಪಾಠ ಹೇಳುವವಳಿಗೆ ವಾಕ್ಯವನ್ನು ಬಿಡಿಸಿ ನೋಡುವ ಚಾಳಿ ಬಿಡುವುದಿಲ್ಲ. ಆ ಹಿರಿಯರು ಹೇಳಿದ್ದರಲ್ಲಿ ಎರಡು ವಾಕ್ಯಗಳಿವೆ. ಚರಂಡಿ ಎತ್ತಲು ಹಣವಿಲ್ಲ ಎಂಬುದು ಒಂದು. ಇವರಿಗೆ ಯೋಜನೆಗಳಿವೆ ಎಂಬುದು ಇನ್ನೊಂದು. ಮೊದಲನೆಯದು ನಿಜವಾದ ನೋವು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಇವೆರಡನ್ನೂ ಒಂದೇ ಉಸಿರಿನಲ್ಲಿ ಸೇರಿಸಿದವರು ಯಾರು? ಆ ಹಿರಿಯರಂತೂ ಅಲ್ಲ. ಅವರು ಕೇಳಿದ್ದನ್ನು ಹೇಳಿದರು, ಅಷ್ಟೆ. ಬಸ್ ನಿಲ್ದಾಣದ ಮುಂದಿನ ಚುನಾವಣಾ ಸಭೆಯಲ್ಲಿ ಮುಖಂಡರೊಬ್ಬರು ಇದೇ ಧಾಟಿಯಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದನ್ನು ನಾನೂ ಕೇಳಿದ್ದೆ. ಮೊದಲು ನಿಮ್ಮ ರಸ್ತೆ, ನಿಮ್ಮ ನೀರು, ನಿಮ್ಮ ಚರಂಡಿ, ಆಮೇಲೆ ಅವರು. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ!

ಆ ನ್ಯಾಯದ ಲೆಕ್ಕವನ್ನೇ ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುದರ ಜೊತೆಗೆ 'ಇತರೆ' ಎಂಬ ಗುರುತಿಗೂ ಅವಕಾಶ ಕೊಟ್ಟಾಗ ಕರ್ನಾಟಕದಲ್ಲಿ ಸಿಕ್ಕ ಲೆಕ್ಕ 20,266. ಆಗ ರಾಜ್ಯದ ಜನಸಂಖ್ಯೆ ಆರು ಕೋಟಿ ಹನ್ನೊಂದು ಲಕ್ಷದಷ್ಟು. ಅಂದರೆ ಹತ್ತು ಸಾವಿರಕ್ಕೆ ಮೂರು ಮಂದಿ. ಹೇಳಿಕೊಳ್ಳಲು ಹೆದರಿ ಲೆಕ್ಕಕ್ಕೆ ಸಿಗದವರು ಎಷ್ಟೋ ಇದ್ದಾರು, ಇರಲಿ. ನಮ್ಮ ರಾಜ್ಯದ 'ಮೈತ್ರಿ' ಪಿಂಚಣಿ ಶುರುವಾದದ್ದು ತಿಂಗಳಿಗೆ 500 ರೂಪಾಯಿಯಿಂದ. ಗಣತಿಯಲ್ಲಿ ಸಿಕ್ಕ ಎಲ್ಲರಿಗೂ ಒಬ್ಬರನ್ನೂ ಬಿಡದೆ ಅದನ್ನು ಕೊಟ್ಟಿದ್ದರೂ ವರ್ಷಕ್ಕೆ ಹನ್ನೆರಡು ಕೋಟಿ ಚಿಲ್ಲರೆ. 2023ರಲ್ಲಿ ರಾಜ್ಯದ ಆಯವ್ಯಯ ಮೂರು ಲಕ್ಷ ಕೋಟಿ ದಾಟಿತ್ತು. ನನ್ನ ಏಳನೆಯ ತರಗತಿಯ ಮಕ್ಕಳೂ ಈ ಶೇಕಡಾವಾರು ತೆಗೆಯಬಲ್ಲರು. ನಮ್ಮೂರ ಚರಂಡಿ ತುಂಬಿದ್ದು ಈ ಹಣದಿಂದಲ್ಲ ಎಂದ ಮೇಲೆ ಆ ಭಾಷಣ ಯಾರನ್ನು ಕಾಪಾಡುತ್ತದೆ? ಚರಂಡಿಯ ಗುತ್ತಿಗೆ ಹಿಡಿದವನನ್ನು, ಬಿಲ್ಲಿಗೆ ಸಹಿ ಹಾಕಿದವನನ್ನು. ಅವರಿಬ್ಬರ ಹೆಸರು ಮಾತ್ರ ಆ ಭಾಷಣದಲ್ಲಿ ಬರಲೇ ಇಲ್ಲ.

ತಮಾಷೆಯೆಂದರೆ, ನಮ್ಮ ದೇಶದಲ್ಲಿ ಇದೇ ಚರಂಡಿಯ ಸಿಟ್ಟು ಕೆಲವೆಡೆ ತಿರುಗಿ ಹರಿದದ್ದೂ ಉಂಟು. ಮಧ್ಯಪ್ರದೇಶದ ಕಟ್ನಿಯಲ್ಲಿ 1999-2000ರ ಹೊತ್ತಿಗೆ ಕಮಲಾ ಜಾನ್, ಉತ್ತರ ಪ್ರದೇಶದ ಗೋರಖಪುರದಲ್ಲಿ 2000ದಲ್ಲಿ ಆಶಾದೇವಿ ಮೇಯರ್ ಆಗಿ ಆರಿಸಿ ಬಂದರು. ಇಬ್ಬರೂ ಹಿಜಡಾ ಸಮುದಾಯದವರು. ಛತ್ತೀಸಗಢದ ರಾಯಗಢದಲ್ಲಿ, ರೈಲಿನಲ್ಲಿ ಹಾಡಿ ಕುಣಿದು ಹೊಟ್ಟೆ ಹೊರೆಯುತ್ತಿದ್ದ ಮಧು ಕಿನ್ನರ್ 2015ರ ಜನವರಿಯಲ್ಲಿ ಪಕ್ಷೇತರರಾಗಿ ನಿಂತು 4,500ಕ್ಕೂ ಹೆಚ್ಚು ಮತಗಳ ಅಂತರದಿಂದ ಮೇಯರ್ ಆದರು. ಕಸ, ನೀರು, ರಸ್ತೆಗಳ ವಿಷಯದಲ್ಲಿ ದೊಡ್ಡ ಪಕ್ಷಗಳಿಂದ ಬೇಸತ್ತ ಜನ ಇವರತ್ತ ತಿರುಗಿದರು. ಹೆಂಡತಿ ಮಕ್ಕಳಿಲ್ಲದವರು ಯಾರಿಗಾಗಿ ಕದ್ದಾರು ಎಂಬ ಮಾತು ಇಂಥ ಚುನಾವಣೆಗಳಲ್ಲಿ ಓಡಾಡಿತು.

ಇದನ್ನು ಓದಿದಾಗ ಮೊದಲು ನನಗೆ ಬಹಳ ಸಂತೋಷವಾಗಿತ್ತು. ಈಗ ಯೋಚಿಸಿದರೆ ಆ ಪ್ರಚಾರದಲ್ಲೂ ಒಂದು ಮುಳ್ಳಿದೆ. ಮನೆಯವರು ಹೊರಗೆ ಹಾಕಿದ್ದನ್ನೇ ಅರ್ಹತೆಯೆಂದು ಎತ್ತಿ ಹಿಡಿದಂತಾಯಿತಲ್ಲ! ಪಕ್ಷಗಳ ಕೆನ್ನೆಗೆ ಹೊಡೆಯಲು ಜನ ಎತ್ತಿಕೊಂಡ ಕೈ ಅದು. ಆ ಕೈಯ ಒಡತಿಯ ಮೇಲೆ ಎಷ್ಟು ಮಂದಿಗೆ ಗೌರವವಿತ್ತೋ ಹೇಳಲಾರೆ. ಕಟ್ನಿಯ ಮೇಯರ್ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಕಮಲಾ ಜಾನ್ ಹೆಣ್ಣಲ್ಲ, ಗಂಡು ಎಂದು ತೀರ್ಮಾನವಾಗಿ ಅವರ ಆಯ್ಕೆ ರದ್ದಾಯಿತು. 2003ರಲ್ಲಿ ಮಧ್ಯಪ್ರದೇಶ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಊರಿನ ಜನ ಮತ ಹಾಕಿ ಕೂರಿಸಿದವರನ್ನು ಒಂದು ಕಾಗದದ ಒಂದು ಕಾಲಮ್ಮು ಇಳಿಸಿತು.

ಆ ಕಾಲಮ್ಮಿನ ಕಥೆಯೇ ನಿಜವಾದ ಕಥೆ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಇವರನ್ನು ಅನುಮಾನದ ಮೇಲೆ ಪಟ್ಟಿ ಮಾಡಿಟ್ಟು ನಿಯಂತ್ರಿಸಲು ದಾರಿ ಮಾಡಿದ್ದರು. ಇಂಗ್ಲಿಷಿನಲ್ಲಿ 'ಯೂನಕ್' ಎಂದಿದ್ದ ಪದವನ್ನು ಮುಂದೆ ಅಳಿಸಿ 'ವ್ಯಕ್ತಿಗಳು' ಎಂದು ಬರೆದರು. ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಸಾರ್ವಜನಿಕ ಶೌಚಾಲಯಗಳ ಬಗ್ಗೆಯೂ ನಿರ್ದೇಶನ ಕೊಟ್ಟಿತು. 2019ರ ಕಾಯ್ದೆ ಬಂತು. ಹೆಣ್ಣುಮಗಳ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆಯಿದ್ದ ಕಾಲದಲ್ಲಿಯೇ ಈ ಕಾಯ್ದೆ ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಎರಡು ವರ್ಷವೆಂದು ಬರೆಯಿತು. 2020ರ ನಿಯಮಗಳು ಜಿಲ್ಲಾಧಿಕಾರಿ 30 ದಿನಗಳೊಳಗೆ ಗುರುತಿನ ಪ್ರಮಾಣಪತ್ರ ಕೊಡಬೇಕೆಂದವು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ತಂದ ಮೊದಲ ರಾಜ್ಯ ನಮ್ಮದೇ. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳ ಜೊತೆ ಇವರಿಗೂ ಉಚಿತ ಪ್ರಯಾಣ. ಇವೆಲ್ಲ ಸಣ್ಣ ಸಾಧನೆಗಳಲ್ಲ; ಬ್ಯಾನರಿನಲ್ಲಿ ಹಾಕಿಕೊಳ್ಳುವಂಥವೇ. ಆದರೆ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಬೇಕು. ಸೀರೆ ಉಟ್ಟವರ ಚೀಟಿಯಲ್ಲಿ 'ಗಂಡು' ಎಂದಿದ್ದರೆ ಕಂಡಕ್ಟರು ಏನು ಮಾಡಬೇಕು? ಹಕ್ಕು ಹುಟ್ಟುವುದು ದಿಲ್ಲಿ ಬೆಂಗಳೂರುಗಳಲ್ಲಿ, ಕೈಗೆ ಸಿಗಬೇಕಾದದ್ದು ಕಿಟಕಿಯಲ್ಲಿ. ಬ್ಯಾನರು ಕಟ್ಟುವವರಾಗಲಿ ಹರಿಯುವವರಾಗಲಿ ಆ ಕಿಟಕಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಇನ್ನು ಅವರನ್ನು ಕರೆಯುವ ಮಾತು. ನಾವು ಮಕ್ಕಳಿಗೆ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಮೂರನ್ನು ಕಲಿಸುತ್ತೇವೆ. ಕಲ್ಲು, ಮರ, ನಾಯಿಗೆ 'ಅದು'. ಸಾಲಿನಲ್ಲಿ ಯಾರೋ ಆ ಹಸಿರು ಸೀರೆಯವರನ್ನು ತೋರಿಸಿ "ಅದೂ ಬಂದೈತಿ ನೋಡು" ಅಂದದ್ದು ನನ್ನ ಕಿವಿಗೆ ಬಿತ್ತು. ವ್ಯಾಕರಣ ಹೀಗೂ ಉಪಯೋಗಕ್ಕೆ ಬರುತ್ತದೆ! ತರಗತಿಯಲ್ಲಿ ಕೆಲವು ಹುಡುಗರು ಮೆದು ಸ್ವಭಾವದವನನ್ನು 'ಒಂಬತ್ತು' ಎಂದು ಕೂಗುವುದುಂಟು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಗಳ ಲಿಂಗವನ್ನು ಎಣಿಸುತ್ತಾ ಒಂಬತ್ತರವರೆಗೆ ಹೋಗಿದ್ದನೆಂದು ಆ ಹುಡುಗರಿಗೆ ಹೇಳಿದರೆ ಗಾಬರಿಯಾದಾರು. ಅವನು ಹೇಳಿದ್ದು ಶಬ್ದಗಳ ಮಾತು, ಮನುಷ್ಯರದಲ್ಲ, ನಿಜ. ಆದರೆ ನಮ್ಮ ಭಾಷೆಯಲ್ಲಿ 'ಅವರು' ಎಂಬ ಒಂದು ಮಾತಿದೆ. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಮರ್ಯಾದೆ ಮಾತ್ರ ಇದೆ. 'ಬನ್ನಿ', 'ಕೂತ್ಕೊಳ್ಳಿ' ಎನ್ನಲು ಯಾರ ಪ್ರಮಾಣಪತ್ರವೂ ಬೇಕಿಲ್ಲ, ಸರ್ಕಾರಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಅದೇ 'ಅವರು' ಭಾಷಣಕಾರರ ಬಾಯಿಗೆ ಬಿದ್ದಾಗ ಮಾತ್ರ 'ನಮ್ಮವರಲ್ಲದವರು' ಎಂದಾಗಿಬಿಡುತ್ತದೆ.

ಈಗ ಆ ಹಸಿರು ಸೀರೆಯವರ ವಿಷಯ. ಮಧ್ಯಾಹ್ನ ಸರ್ವರ್ ಬಂತು. ನನ್ನ ಅರ್ಜಿ ಮತ್ತೆ ವಾಪಸಾಗಿ, ನಾನು ಬೆಂಚಿನ ಮೇಲೆ ಕೂತು ಕಾಗದ ಜೋಡಿಸಿಕೊಳ್ಳುತ್ತಿದ್ದೆ. ಅವರ ಸರದಿ ಬಂತು. ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಬೇಕಿತ್ತು. ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪತ್ರ ಕೈಯಲ್ಲಿತ್ತು. ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಿರ್ಲಿ, ಶಾಲೆ ದಾಖಲೆ ತಗೊಂಬಾ" ಅಂದರು. "ಅದೂ ತಂದೀನಿ ಸಾರ್" ಎಂದು ಅವರು ಹಳೆಯ ವರ್ಗಾವಣೆ ಪತ್ರವೊಂದನ್ನು ಕೊಟ್ಟರು. ಎರಡರ ಹೆಸರೂ ಬೇರೆ, ಲಿಂಗವೂ ಬೇರೆ. ಹೊಂದುವುದಿಲ್ಲವೆಂದು ಅದೂ ವಾಪಸಾಯಿತು. ತಿರುಗಿದವರು ನನ್ನನ್ನು ನೋಡಿ, "ಟೀಚರ್, ಗುರ್ತು ಸಿಕ್ತಾ?" ಎಂದರು.

ದನಿಯಿಂದ ಸಿಕ್ಕಿತು. ಪತ್ರ ತೆಗೆದು ನೋಡಿದೆ, ಅಕ್ಷರ ನನ್ನದೇ. 2006ರಲ್ಲಿ ಎಂಟನೆಯ ತರಗತಿ ಬಿಟ್ಟು ಹೋದ ಹುಡುಗನ ಪತ್ರ. ಲಿಂಗ: ಗಂಡು. ಶಾಲೆ ಬಿಟ್ಟ ಕಾರಣ: ದೀರ್ಘ ಗೈರುಹಾಜರಿ.

ಆಗ ನಮ್ಮ ಶಾಲೆಯಲ್ಲಿ ಹುಡುಗರ ಪಾಯಿಖಾನೆಗೆ ಬಾಗಿಲಿರಲಿಲ್ಲ. ನೀರೂ ಇರಲಿಲ್ಲ. ಉಳಿದ ಹುಡುಗರು ಬಯಲಿಗೆ ಹೋಗುತ್ತಿದ್ದರು. ಇವನು ಎಲ್ಲಿಗೆ ಹೋದರೂ ನಾಲ್ಕು ಜನ ಹಿಂದೆ ಹೋಗಿ ಅಂಗಿ ಎಳೆಯುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ತಡೆದುಕೊಂಡು ಕೂರುತ್ತಿದ್ದ. ಒಂದು ದಿನ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತು, "ಟೀಚರ್, ನಿಮ್ಮದಕ್ಕೆ ಹೋಗ್ಲಾ?" ಎಂದು ಕೇಳಿದ. ನಮ್ಮದಕ್ಕೆ ಬೀಗವಿತ್ತು, ಬೀಗದ ಕೈ ನನ್ನ ಮೇಜಿನ ಮೇಲೇ ಇತ್ತು. "ಹುಡುಗ್ರು ಹೋಗೋ ಕಡೆ ಹೋಗೋ. ಮೊದ್ಲು ನೆಟ್ಟಗೆ ನಡೆಯೋದ್ ಕಲಿ" ಎಂದೆ. ಕೋಣೆಯಲ್ಲಿದ್ದವರು ನಕ್ಕರು. ಅದರ ಮುಂದಿನ ತಿಂಗಳು ಅವನು ಶಾಲೆಗೆ ಬರುವುದು ನಿಂತಿತು. ಬಾಗಿಲು ಕೂರಿಸಿಕೊಡಿ ಎಂದು ನಾವು ಬರೆದಿದ್ದ ಮೂರು ಅರ್ಜಿಗಳಿಗೂ ಉತ್ತರ ಬರಲಿಲ್ಲ.

ಆ ಭಾಷಣಕಾರರನ್ನು ನಾನು ಕೇಳಬೇಕೆಂದಿರುವುದು ಇಷ್ಟೇ. ಬಾಗಿಲಿಲ್ಲದ ಆ ಪಾಯಿಖಾನೆಯನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? 'ಮೊದಲು' ಎಂಬ ನಿಮ್ಮ ಪಟ್ಟಿಗೋ, 'ಆಮೇಲೆ' ಎಂಬ ಪಟ್ಟಿಗೋ? ಇನ್ನೂರು ಮಕ್ಕಳು ಅದರಿಂದ ಕಷ್ಟಪಟ್ಟರು, ಒಂದು ಮಗು ಅದರಿಂದ ಓದು ಬಿಟ್ಟಿತು. ಊರಿನ ಹುಳುಕು ಎಲ್ಲರನ್ನೂ ಕಚ್ಚುತ್ತದೆ. ತಡೆದುಕೊಳ್ಳಲು ಮನೆ, ನೆಂಟರು, ಪರಿಚಯದ ಅಧಿಕಾರಿ ಯಾರೂ ಇಲ್ಲದವರನ್ನು ಹೆಚ್ಚು ಕಚ್ಚುತ್ತದೆ. ಅವರಿಗಾಗಿ ಒಂದು ಬಾಗಿಲು ಕೂರಿಸಿದ್ದರೆ ಇನ್ನೂರು ಮಕ್ಕಳಿಗೂ ಕೂರಿಸಿದಂತಾಗುತ್ತಿತ್ತು. ಬ್ಯಾನರು ಕಟ್ಟಿದವರಿಗೂ ಇದೇ ಪ್ರಶ್ನೆ. ನಿಮ್ಮ ಹನ್ನೊಂದು ಫೋಟೋಗಳ ಖರ್ಚಿನಲ್ಲಿ ಎಷ್ಟು ಬಾಗಿಲು ಬರುತ್ತಿದ್ದವು?

ಮರುದಿನ ಮುಖ್ಯೋಪಾಧ್ಯಾಯರ ಬಳಿ ಕೂತು, ಈ ಹೆಸರಿನ ವಿದ್ಯಾರ್ಥಿ ಮತ್ತು ಆ ಹೆಸರಿನ ಅರ್ಜಿದಾರರು ಒಬ್ಬರೇ, ನನಗೆ ಖುದ್ದು ಗೊತ್ತು ಎಂದು ತರಗತಿ ಶಿಕ್ಷಕಿಯಾಗಿ ಒಂದು ಪತ್ರ ಬರೆದೆ. ಕಾನೂನಿನ ಪ್ರಕಾರ ಅದರ ಅಗತ್ಯವೇ ಇರಲಿಲ್ಲ, ಜಿಲ್ಲಾಧಿಕಾರಿಯ ಪತ್ರವೇ ಸಾಕಿತ್ತು. ಆದರೂ ಕೆಲಸ ಅದರಿಂದಲೇ ಆಯಿತು. ನನ್ನ ಖಾತೆಗೆ ಏಳು ಓಡಾಟ, ಅವರ ಒಂದು ಹೆಸರಿಗೆ ಹದಿನಾಲ್ಕು. ಕಾರ್ಡು ಸಿಕ್ಕ ದಿನ ಅವರು ಮನೆಗೆ ಬಂದು ಬಾಗಿಲ ಹೊರಗೇ ನಿಂತರು. "ಒಳಗೆ ಬನ್ನಿ" ಎಂದೆ. ನಾನು ಅವರಿಗೆ ಬಹುವಚನ ಬಳಸಿದ್ದು ಅದೇ ಮೊದಲು. ಅದನ್ನು ಅವರು ಗಮನಿಸಿದರೆಂದು ಮುಖ ನೋಡಿ ತಿಳಿಯಿತು.

ಶಾಲೆಯ ದಾಖಲಾತಿ ಪುಸ್ತಕ ಇನ್ನೂ ಬೀರುವಿನಲ್ಲಿದೆ. 'ಶಾಲೆ ಬಿಟ್ಟ ಕಾರಣ' ಎಂಬ ಕಾಲಮ್ಮು ಬಹಳ ಕಿರಿದು, ಎರಡು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಅಂದು ನಾನು ಅಲ್ಲಿ ಬರೆದ ಎರಡು ಪದಗಳು ಸುಳ್ಳು. ಅವನ್ನು ತಿದ್ದಲು ಯಾವ ಕಚೇರಿಯಲ್ಲಿ ಅರ್ಜಿ ಹಾಕಬೇಕೋ ನನಗಿನ್ನೂ ತಿಳಿದಿಲ್ಲ.