ಮುರಿದ ಸಂಘಗಳಿಂದ ಮೈರಾಡ ಕಲಿತದ್ದು

ಲೋಕಸೇವೆಯನ್ನು ವ್ರತವಾಗಿ ಕೈಕೊಂಡ ಸಂಸ್ಥೆಗಳು ತಾವು ಯಾರಿಗಾಗಿ ದುಡಿಯುತ್ತಿರುವುವೋ ಆ ಜನರನ್ನು ವರ್ಷಕ್ಕೊಮ್ಮೆ ಸಭೆಗೆ ಕರೆದು, ಜಮಖಾನದ ಮೇಲೆ ಕುಳ್ಳಿರಿಸಿ, ಅವರ ಅಭಿಪ್ರಾಯವನ್ನು ವರದಿಯ ಅನುಬಂಧದಲ್ಲಿ ಅಚ್ಚುಹಾಕಿಸಿ ಕೃತಾರ್ಥವಾಗುವುದು ಈಚೆಗೆ ಒಂದು ಶಿಷ್ಟಾಚಾರವಾಗಿ ಪರಿಣಮಿಸಿದೆ. ಅಡುಗೆ ಹೇಗಾಯಿತೆಂದು ಯಜಮಾನನೇ ಎದುರಿಗೆ ನಿಂತು ವಿಚಾರಿಸುವಾಗ ಪಂಕ್ತಿಯಲ್ಲಿ ಕುಳಿತವನು ಉಪ್ಪು ಹೆಚ್ಚಾಯಿತೆಂದು ನುಡಿಯುವನೇ? ಆದುದರಿಂದ ಜನರ ನೋಟದಿಂದ ಒಂದು ಸಂಸ್ಥೆಯ ಕಾರ್ಯವು ನಿಜವಾಗಿ ನವೀಕೃತವಾದ ನಿದರ್ಶನವನ್ನು ಹುಡುಕುವವರು ಸಭೆಗಳ ನಡವಳಿಯನ್ನು ಬಿಟ್ಟು, ಜನರು ಒಲ್ಲೆವೆಂದ ಪ್ರಸಂಗಗಳನ್ನು ಪರಿಶೀಲಿಸತಕ್ಕದ್ದು. ನಮ್ಮ ನಾಡಿನ ಮೈರಾಡ ಎಂಬ ಸೇವಾಸಂಸ್ಥೆಯ ಚರಿತ್ರೆ ಅಂತಹ ಪರಿಶೀಲನೆಗೆ ಯೋಗ್ಯವಾದುದು.

1968ರಲ್ಲಿ, ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕಾರ್ಯಕ್ಕಾಗಿ ಹುಟ್ಟಿಕೊಂಡ ಈ ಸಂಸ್ಥೆಯು, ಆ ಕಾರ್ಯವು ಒಂದು ಹಂತಕ್ಕೆ ಬಂದ ಮೇಲೆ ಗ್ರಾಮಾಂತರದ ಬಡಜನರ ಕಡೆಗೆ ತಿರುಗಿ, ಆ ಕಾಲದ ಎಲ್ಲ ಸಜ್ಜನರೂ ನಂಬಿದ್ದಂತೆ ಸಹಕಾರವೇ ದಾರಿದ್ರ್ಯಕ್ಕೆ ದಿವ್ಯೌಷಧವೆಂದು ನಂಬಿ, ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. 1984–85ರ ಸುಮಾರಿಗೆ ಅವುಗಳಲ್ಲಿ ಹಲವು ಮುರಿದುಬಿದ್ದವು. ಸಾಲ ಪಡೆದವರು ಸಂಘಕ್ಕೆ ಮರಳಿಸಲೊಲ್ಲದೆ, ನೇರವಾಗಿ ಮೈರಾಡಕ್ಕೇ ಕೊಡುವೆವೆಂದರು. ಸಂಘವು ಅಧ್ಯಕ್ಷನ ಅಥವಾ ನಾಲ್ಕಾರು ಪ್ರಬಲರ ಹಿಡಿತಕ್ಕೆ ಸಿಕ್ಕಿತೆಂಬುದೇ ಅವರ ದೂರು. ಇಂತಹ ಸಂದರ್ಭದಲ್ಲಿ ಜನರಿಗೆ ತಿಳಿವಳಿಕೆ ಸಾಲದೆಂದು ಷರಾ ಬರೆದು, ಒಂದು ಶಿಕ್ಷಣ ಶಿಬಿರವನ್ನು ಏರ್ಪಡಿಸಿ ಮುಗಿಸುವುದು ಎಷ್ಟು ಸುಲಭ! ಮೈರಾಡದವರು ಹಾಗೆ ಮಾಡದೆ, ಆ ಹಣವನ್ನು ನಮಗೇಕೆ, ನಿಮ್ಮ ನಿಮ್ಮ ಗುಂಪಿಗೇ ಏಕೆ ಸಲ್ಲಿಸಬಾರದೆಂದು ಕೇಳಿದರು. ಏಕೆಂದರೆ ಒಡೆದ ಸಂಘಗಳ ಸದಸ್ಯರು ಅಷ್ಟರಲ್ಲಿಯೇ, ಪರಸ್ಪರ ನಂಬುಗೆಯುಳ್ಳವರಾಗಿ, ಚಿಕ್ಕ ಚಿಕ್ಕ ಕೂಟಗಳಾಗಿ ಕಲೆತುಕೊಂಡಿದ್ದರು. ಹದಿನೈದು–ಇಪ್ಪತ್ತು ಮಂದಿಯ ಆ ಕೂಟಗಳು ಉಳಿತಾಯ ಮಾಡಿ, ತಮ್ಮಲ್ಲೇ ಸಾಲ ಕೊಟ್ಟುಕೊಂಡು, ತಪ್ಪಿದವರಿಗೆ ತಾವೇ ದಂಡ ವಿಧಿಸತೊಡಗಿದವು. ಬಹುಕಾಲ ಸಂಸ್ಥೆಯ ಸಾರಥ್ಯ ವಹಿಸಿದ್ದ ಅಲೋಶಿಯಸ್ ಫರ್ನಾಂಡಿಸ್ ಅವರು ತಮ್ಮ ಬರವಣಿಗೆಯಲ್ಲಿ ಈ ಅನ್ಯೋನ್ಯ ವಿಶ್ವಾಸಕ್ಕೇ ಅಗ್ರಸ್ಥಾನವನ್ನಿತ್ತರು. ಅದನ್ನು ಸಂಸ್ಥೆಯು ಸೃಷ್ಟಿಸಲಿಲ್ಲ, ಅಲ್ಲಿದ್ದುದನ್ನು ಗುರುತಿಸಿತು, ಎಂಬ ಅವರ ನಿಲುವಿನಲ್ಲಿರುವ ವಿನಯವು ಸೇವಾಸಂಸ್ಥೆಗಳಲ್ಲಿ ಅಪರೂಪ.

ಮುಂದಿನ ಕಥೆ ಎಲ್ಲರೂ ಬಲ್ಲದ್ದು. 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿಗಳ ನೆರವಿತ್ತಿತು. 1992ರಲ್ಲಿ ಇಂತಹ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗ ಆರಂಭವಾಯಿತು. ನೋಂದಣಿಯಿಲ್ಲದ, ಅಡಮಾನವಿಲ್ಲದ ಗುಂಪಿಗೆ, ಯಾವ ಸದಸ್ಯರು ಯಾವ ಉದ್ದೇಶಕ್ಕೆ ಹಣ ತೆಗೆದುಕೊಳ್ಳುವರೆಂಬುದನ್ನು ವಿಚಾರಿಸದೆ, ಬ್ಯಾಂಕು ಸಾಲ ಕೊಡಬಹುದೆಂದಾಯಿತು.

ಇನ್ನೊಂದು ನಿದರ್ಶನ ಅಂದಿನ ಗುಲ್ಬರ್ಗ ಸೀಮೆಯದು. ಅಲ್ಲಿ ಮೈರಾಡವು ಸರ್ಕಾರ ಮತ್ತು ಸ್ವಿಸ್ ನೆರವಿನೊಡನೆ ಜಲಾನಯನ ಕಾರ್ಯವನ್ನು ನಡೆಸಿತು. ಇಳಿಜಾರನ್ನು ಅಳೆದು ಹಾಕುವ ಸಮಪಾತಳಿ ಬದುಗಳು ಒಬ್ಬನ ಹೊಲವನ್ನು ಅಡ್ಡವಾಗಿ ಸೀಳುವುದರಿಂದ ರೈತರು ಅವನ್ನು ಉತ್ತು ಅಳಿಸುತ್ತಿದ್ದುದು ಅನೇಕ ಕಡೆ ಕಂಡ ಸಂಗತಿ. ಗಡಿಗುಂಟ ಬದುವಿರಲಿ ಎಂಬುದು ಅವರ ಬಯಕೆ. ಮೇಲಾಗಿ ಅವರು ಕೊರಕಲಿಗೆ ಅಡ್ಡಲಾಗಿ ಕಲ್ಲಿಟ್ಟು, ಹೂಳು ತುಂಬಿದಂತೆಲ್ಲ ಅದನ್ನು ವರ್ಷ ವರ್ಷ ಎತ್ತರಿಸಿ, ಹಿಂಭಾಗದಲ್ಲಿ ಒಂದು ಹೊಸ ತುಂಡು ಹೊಲವನ್ನೇ ಪಡೆಯುತ್ತಿದ್ದರು. ಮಣ್ಣು ಕದಲದಂತೆ ಕಾಯುವುದು ಇಂಜಿನಿಯರನ ಗುರಿ. ಕದಲಿದ ಮಣ್ಣನ್ನು ಹಿಡಿದು ಬಿತ್ತುವುದು ಒಕ್ಕಲಿಗನ ಗುರಿ. ಈ ಭೇದವು ಸಂಸ್ಥೆಗೆ ಗೋಚರವಾದುದು ಹೊಲದಲ್ಲಿ ಜನರೊಡನೆ ನಡೆದಾಡಿದ್ದರಿಂದ.

ಆದರೆ ಪ್ರಶಂಸೆಯನ್ನು ಇಲ್ಲಿಗೆ ನಿಲ್ಲಿಸುವುದು ನ್ಯಾಯ. ಬದು ಹಾಕಿಸಿಕೊಳ್ಳಲು ಮೊದಲು ಹೊಲವಿರಬೇಕು. ಭೂಮಿಯಿಲ್ಲದ ಕೂಲಿಯವನಿಗೆ ಜಲಾನಯನದಲ್ಲಿ ಕೆಲವು ದಿನದ ಕೂಲಿಯ ಹೊರತು ಏನು ಪಾಲು? 1980ರ ದಶಕದ ಕೊನೆಯಿಂದ ಮೈರಾಡವು ಪ್ರಚುರಪಡಿಸಿದ, ರಂಗೋಲಿ ಪುಡಿಯಿಂದಲೂ ಕಾಳುಗಳಿಂದಲೂ ಊರಿನ ನಕ್ಷೆಯನ್ನು ನೆಲದ ಮೇಲೆ ಬರೆಯಿಸುವ ವಿಧಾನವು ಸುಂದರವಾದುದು ನಿಜ; ಆದರೂ ಪುಡಿ ಯಾರ ಕೈಯಲ್ಲಿದೆ, ಕೇರಿಯವರು ಎಷ್ಟು ದೂರ ನಿಂತಿದ್ದಾರೆ ಎಂಬುದನ್ನು ನಕ್ಷೆಯು ತೋರಿಸದು. ಮೈರಾಡದ ಗುಂಪುಗಳನ್ನು ಅನುಕರಿಸಿದವರಲ್ಲಿಯಂತೂ ಮೂಲದ ಜೀವವೇ ಸೊರಗಿತು. 2000–01ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆಯು ಗುಂಪು ಕಟ್ಟುವ ಹೊಣೆಯನ್ನು ಮೊದಲೇ ಕೆಲಸದ ಭಾರದಿಂದ ಬಳಲುತ್ತಿದ್ದ ಅಂಗನವಾಡಿ ಕಾರ್ಯಕರ್ತೆಯರ ತಲೆಗೆ ಕಟ್ಟಿತು. ಅನೇಕ ಹೆಂಗಸರಿಗೆ ಅದರಿಂದ ಉಪಕಾರವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಂಪು ತಾನಾಗಿ ಕೂಡುವುದಕ್ಕೂ ಸಂಖ್ಯೆಗಾಗಿ ಕೂಡಿಸಲ್ಪಡುವುದಕ್ಕೂ ಇರುವ ವ್ಯತ್ಯಾಸವನ್ನು ಇಲಾಖೆಯ ಯಾವ ನಮೂನೆಯೂ ಕೇಳಲಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಮೈರಾಡವು ಕಟ್ಟಿಸಿದ ಸಮುದಾಯ ನಿರ್ವಹಣಾ ಸಂಪನ್ಮೂಲ ಕೇಂದ್ರಗಳನ್ನು ಆದುದರಿಂದಲೇ ನಾನು ಅದರ ಪ್ರಸಿದ್ಧ ನಕ್ಷೆಗಳಿಗಿಂತ ಹೆಚ್ಚಾಗಿ ಗೌರವಿಸುತ್ತೇನೆ. ಹಲವು ಹತ್ತು ಗುಂಪುಗಳು ಕೂಡಿ, ತಮ್ಮ ಪ್ರತಿನಿಧಿಗಳಿಂದಲೇ ನಡೆಸಿಕೊಳ್ಳುವ ಈ ಕೇಂದ್ರಗಳಲ್ಲಿ, ಲೆಕ್ಕ ಬರೆಯಿಸುವುದಕ್ಕೂ ತರಬೇತಿಗೂ ಗುಂಪುಗಳು ತಾವೇ ಶುಲ್ಕ ತೆರುತ್ತವೆ. ಉಚಿತವಾಗಿ ಬಂದ ತರಬೇತಿಯನ್ನು ಸುಮ್ಮನೆ ಕೇಳಿ ಎದ್ದುಹೋಗುತ್ತಿದ್ದ ಹೆಂಗಸು, ಶುಲ್ಕ ತೆತ್ತ ಮೇಲೆ ಅದು ಬೇಡವೆಂದು ಹೇಳಲು ಸಭೆಯ ಆಹ್ವಾನವನ್ನು ಕಾಯಬೇಕಾಗಿಲ್ಲ; ಮುಂದಿನ ವರ್ಷ ಹಣ ಕಟ್ಟದಿದ್ದರಾಯಿತು.